ಕೈಕಟ್ಟಿ ನಿಲ್ಲುವ ಸುಖ

ಬಾಗಿಲು ತಳ್ಳುತ್ತಿದ್ದಂತೆಯೇ ಸದ್ದು ನಿಮ್ಮ ಎದೆಗೆ ಬಂದು ಗುದ್ದುತ್ತದೆ; ಕಿವಿಗೆ ತಲುಪುವುದು ಆಮೇಲೆ. ಉದ್ದನೆಯ ಪಡಸಾಲೆ, ಎರಡೂ ಬದಿಗೆ ಕೋಣೆಗಳು, ಕೋಣೆಗೊಂದು ಬ್ಯಾಂಡು. ಎಡಗಡೆ ಯಾರೋ ಡ್ರಮ್ಮನ್ನು ಒಂದೇ ಸಮನೆ ಬಡಿಯುತ್ತಿದ್ದಾಳೆ. ಬಲಗಡೆ ಕೀಬೋರ್ಡಿನ ಒಂದೇ ಸ್ವರವನ್ನು ಒತ್ತಿಹಿಡಿದವಳು ಬಿಡಲೊಲ್ಲಳು. ಸನ್‌ಸ್ಕ್ರೀನಿನ ಜಿಡ್ಡು, ಕಿತ್ತಳೆ ಸಿಪ್ಪೆ, ಮಾರ್ಕರ್ ಪೆನ್ನಿನ ಘಾಟು, ಬಿಸಿಯೇರಿದ ಆಂಪ್ಲಿಫೈಯರಿನ ಮೇಲೆ ಸುಡುವ ಧೂಳು, ಎಲ್ಲವೂ ಒಟ್ಟಿಗೆ ಮೂಗಿಗೆ ನುಗ್ಗುತ್ತವೆ. ಹೊಸ್ತಿಲಲ್ಲಿ ನಿಂತವರು ನಿಮ್ಮ ಅಂಗೈಗೆ ಎರಡು ಪುಟ್ಟ ಫೋಮ್ ತುಂಡುಗಳನ್ನು ಹಾಕುತ್ತಾರೆ. ಕಿವಿಗೆ ಅವು. ನಾಚಿಕೆಪಡದೆ ತುರುಕಿಕೊಳ್ಳಿ. 85 ಡೆಸಿಬಲ್ ಸದ್ದನ್ನು ಕಿವಿ ದಿನಕ್ಕೆ 8 ಗಂಟೆ ತಾಳಬಹುದು ಎನ್ನುತ್ತದೆ ಅಮೆರಿಕದ ಆರೋಗ್ಯ ಇಲಾಖೆಯ ಲೆಕ್ಕ. ಅಲ್ಲಿಂದಾಚೆ ಪ್ರತಿ 3 ಡೆಸಿಬಲ್ ಏರಿದಾಗಲೂ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ. 100 ಮುಟ್ಟಿದರೆ ನಿಮಗೆ ಸಿಗುವುದು 15 ನಿಮಿಷ. ಡ್ರಮ್ ಇಟ್ಟ ಸಣ್ಣ ಕೋಣೆ ಸಲೀಸಾಗಿ 100 ಮುಟ್ಟುತ್ತದೆ.

ಇದು ಪೋರ್ಟ್‌ಲ್ಯಾಂಡ್, ಅಮೆರಿಕದ ವಾಯವ್ಯ ಮೂಲೆಯ ಆರೆಗಾನ್ ರಾಜ್ಯದ ದೊಡ್ಡ ಊರು. ಜುಲೈ ತಿಂಗಳು. ಚಳಿಗಾಲವಿಡೀ ಜಿನುಗುವ ಇಲ್ಲಿನ ಮಳೆ ಪೂರ್ತಿ ನಿಂತಿದೆ, ರಾತ್ರಿ ಊಟದ ಹೊತ್ತಿಗೂ ಹೊರಗೆ ಬೆಳಕಿರುತ್ತದೆ. ನೀವು ಹಿಲ್ಸ್‌ಬರೋದಿಂದ ಮ್ಯಾಕ್ಸ್ ರೈಲು ಹತ್ತಿ ಬಂದಿದ್ದೀರಿ. ಇಂಟೆಲ್ ಕಾರ್ಖಾನೆಗಳ ಆ ಊರಿನಲ್ಲಿ ತರಕಾರಿ ಅಂಗಡಿಯ ಸಾಲಿನಲ್ಲಿ ನಿಂತರೆ ಬೆನ್ನ ಹಿಂದೆ ಕನ್ನಡ ಕೇಳಿಸುವುದುಂಟು. ಕಚೇರಿಗೆ ರಜೆ ಹಾಕಿದ್ದೀರಿ. ಕೊರಳಲ್ಲಿ ತೂಗುವ ಚೀಟಿಯ ಮೇಲೆ ನಿಮ್ಮ ಹೆಸರು, ಅದರ ಕೆಳಗೆ ‘ಬ್ಯಾಂಡ್ ಕೋಚ್’.

ಹುಡುಗಿಯರಿಗಾಗಿಯೇ ರಾಕ್ ಸಂಗೀತದ ಶಿಬಿರ ಮೊದಲು ಶುರುವಾದದ್ದು ಈ ಊರಿನಲ್ಲೇ, 2001ರಲ್ಲಿ. ಪೋರ್ಟ್‌ಲ್ಯಾಂಡ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಓದುತ್ತಿದ್ದ ಮಿಸ್ಟಿ ಮೆಕೆಲ್ರಾಯ್ ಎಂಬಾಕೆ ತನ್ನ ಓದಿನ ಭಾಗವಾಗಿ ಇದನ್ನು ಹುಟ್ಟುಹಾಕಿದರು. 2004ಕ್ಕೆ ನ್ಯೂಯಾರ್ಕಿನಲ್ಲೊಂದು ಶುರುವಾಯಿತು, ಆಮೇಲೆ ಬೇರೆ ಊರುಗಳು, ಬೇರೆ ದೇಶಗಳು. ಕ್ರಮ ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಎಂಟರಿಂದ ಹದಿನೆಂಟರೊಳಗಿನ ಹುಡುಗಿಯರು ಸೋಮವಾರ ಬರುತ್ತಾರೆ; ಎಷ್ಟೋ ಮಂದಿ ಅದುವರೆಗೆ ವಾದ್ಯ ಮುಟ್ಟಿದವರಲ್ಲ. ಒಬ್ಬರಿಗೊಬ್ಬರು ಅಪರಿಚಿತರಾದವರು ಸೇರಿ ಬ್ಯಾಂಡು ಕಟ್ಟುತ್ತಾರೆ, ವಾರದೊಳಗೆ ತಮ್ಮದೇ ಒಂದು ಹಾಡು ಬರೆಯುತ್ತಾರೆ, ಶನಿವಾರ ಅದನ್ನು ಜನರ ಮುಂದೆ ನುಡಿಸುತ್ತಾರೆ. ನುಡಿಸಲು ಕಲಿಸುವವರು ಬೇರೆ ಇದ್ದಾರೆ. ಜಗಳ ಬಿಡಿಸಿ ಬ್ಯಾಂಡನ್ನು ಶನಿವಾರದವರೆಗೆ ಮುಟ್ಟಿಸುವುದು ನಿಮ್ಮ ಪಾಲಿನದು.

ನಿಮ್ಮ ಕೋಣೆಯಲ್ಲಿ ಐವರು. ಗೋಡೆಗೆ ಅಂಟಿಕೊಂಡು ನಿಂತಿದ್ದಾರೆ, ಯಾರೂ ಯಾರ ಕಣ್ಣನ್ನೂ ನೋಡುತ್ತಿಲ್ಲ. ಜುಲೈ ಸೆಕೆಯಲ್ಲೂ ತಲೆಗೆ ಹುಡ್ ಎಳೆದುಕೊಂಡ ಹನ್ನೆರಡರ ಹುಡುಗಿ ಗಿಟಾರು ಹಿಡಿದಿದ್ದಾಳೆ. ಉದ್ದ ಕತ್ತಿನ, ಮಾತಾಡದ ಒಬ್ಬಳು ಬೇಸ್. ಉಗುರಿಗೆ ಹಸಿರು ಬಳಿದವಳು ಕೀಬೋರ್ಡು. ಹಾಡುತ್ತೇನೆಂದು ಬರೆದುಕೊಟ್ಟವಳ ದನಿ ಇನ್ನೂ ಹೊರಬಿದ್ದಿಲ್ಲ. ಡ್ರಮ್ಮಿನ ಹಿಂದೆ ಎಲ್ಲರಿಗಿಂತ ಚಿಕ್ಕವಳು, ಒಂಬತ್ತು ವರ್ಷದ್ದು, ತುದಿಗಾಲು ನೀಡಿದರಷ್ಟೇ ಪೆಡಲ್ ಮುಟ್ಟುತ್ತದೆ.

ಆಂಪ್ಲಿಫೈಯರಿನ ಸ್ವಿಚ್ಚು ಒತ್ತಿ. ಗುಂಯ್ ಎಂಬ ನಾದವೊಂದು ಕೋಣೆ ತುಂಬುತ್ತದೆ. ನಮ್ಮೂರಿನ ಸ್ಪೀಕರುಗಳ ಗುಂಯ್‌ಗಿಂತ ಇದು ಕೊಂಚ ಎತ್ತರದಲ್ಲಿದೆ, ಸಂಗೀತದ ಕಿವಿಯಿದ್ದರೆ ತಟ್ಟನೆ ತಿಳಿಯುತ್ತದೆ. ಭಾರತದ ವಿದ್ಯುತ್ತು ಸೆಕೆಂಡಿಗೆ 50 ಸಲ ಹೊಯ್ದಾಡಿದರೆ ಅಮೆರಿಕದ್ದು 60 ಸಲ. ಊರಿನ ಗುಂಯ್ ಷಡ್ಜವಾದರೆ ಇದು ಸರಿಯಾಗಿ ಸಾಧಾರಣ ಗಾಂಧಾರ. ಮನೆಯಿಂದ ಇಷ್ಟು ದೂರ ಬಂದಿದ್ದೀರಿ ಎಂದು ಗೋಡೆಯ ಪ್ಲಗ್ಗೇ ಹೇಳುತ್ತಿದೆ.

ಗಿಟಾರಿನವಳು ಶ್ರುತಿ ಮಾಡುತ್ತಿದ್ದಾಳೆ. ಗಿಟಾರಿನ ತಲೆಗೆ ಸಿಕ್ಕಿಸಿದ ಟ್ಯೂನರಿನ ದೀಪ ಹಸಿರಾಗಬೇಕು, ಆಗುತ್ತಿಲ್ಲ. ಅವಳು ನೋಡುತ್ತಿರುವುದು ಒಂದು ತಂತಿಯನ್ನು, ತಿರುಗಿಸುತ್ತಿರುವುದು ಇನ್ನೊಂದರ ಬಿರಟೆಯನ್ನು. ನಿಮಗೆ ಗೊತ್ತು. ಎರಡು ಬೆರಳು ಚಾಚಿದರೆ ಸಾಕು, ಮೂರು ಸೆಕೆಂಡಿನ ಕೆಲಸ. ಆದರೆ ಬೆಳಗಿನ ತರಬೇತಿಯಲ್ಲಿ ಒತ್ತಿ ಒತ್ತಿ ಹೇಳಿದ್ದಾರೆ: ಹುಡುಗಿಯ ಕೈಯಿಂದ ವಾದ್ಯ ತೆಗೆದುಕೊಳ್ಳಬೇಡಿ. ಅತಿ ತೆಳ್ಳನೆಯ ತಂತಿ ಬಿಗಿಯುತ್ತ ಹೋಗುತ್ತದೆ, ನರಳುವಂಥ ಸಣ್ಣ ಕಿರುಗುಟ್ಟುವಿಕೆ. ನಿಮ್ಮ ಹೆಗಲು ಬಿಗಿಯುತ್ತದೆ. ‘ಮುಖ ಹಿಂದಕ್ಕೆ ತಗೋ’ ಎನ್ನುತ್ತೀರಿ. ಅವಳು ಮುಖ ತಿರುಗಿಸಿದ್ದಾಳೆ, ಬೆರಳು ಇನ್ನೂ ತಿರುವುತ್ತಿದೆ. ಫಟ್!

ತಂತಿ ಗಾಳಿಯಲ್ಲಿ ಸುರುಳಿ ಸುತ್ತಿಕೊಂಡು ಜೋಲುತ್ತದೆ. ಐವರೂ ಉಸಿರು ಹಿಡಿದಿದ್ದಾರೆ. ‘ಸಾರಿ, ಸಾರಿ’ ಎನ್ನುತ್ತ ಹುಡ್ಡಿನೊಳಗೆ ಅವಳ ಮುಖ ಕೆಂಪಾಗುತ್ತದೆ. ಇಂಥ ಶಿಬಿರಗಳಲ್ಲಿ ಒಂದು ರೂಢಿಯಿದೆ: ಸಾರಿ ಅಂದವರು ಕೂಡಲೇ ‘ಐ ರಾಕ್’ ಅನ್ನಬೇಕು. ಮೂಲೆಯಿಂದ ಡ್ರಮ್ಮಿನ ಪುಟ್ಟಿ ಅದನ್ನು ನೆನಪಿಸುತ್ತಾಳೆ. ಇವಳು ಗೊಣಗುತ್ತ ಅನ್ನುತ್ತಾಳೆ. ನೀವು ಹೊಸ ತಂತಿಯ ಪೊಟ್ಟಣವನ್ನೂ ಇಕ್ಕಳವನ್ನೂ ಅವಳ ಮುಂದಿಟ್ಟು ಬಾಯಲ್ಲಿ ಮಾತ್ರ ದಾರಿ ತೋರಿಸುತ್ತೀರಿ. ತುದಿಯ ಗುಂಡನ್ನು ಕೆಳಗೆ ಸಿಕ್ಕಿಸು, ಮೇಲಿನ ಬಿರಟೆಯ ತೂತಿಗೆ ಹಾಕು, ಸುತ್ತು. ತುಂಬ ಹೊತ್ತು ಹಿಡಿಯುತ್ತದೆ. ದೀಪ ಹಸಿರಾದಾಗ ಅವಳು ನಿಮ್ಮನ್ನು ನೋಡುವುದಿಲ್ಲ, ದೀಪವನ್ನೇ ನೋಡುತ್ತಾಳೆ. ನಿಮ್ಮ ಹೊಟ್ಟೆಯಲ್ಲಿ ಏನೋ ಬೆಚ್ಚಗೆ ಕದಲುತ್ತದೆ, ಅದಕ್ಕೆ ಇನ್ನೂ ಹೆಸರಿಟ್ಟಿಲ್ಲ ನೀವು.

ನಮ್ಮ ಸಂಗೀತ ಪಾಠಗಳಲ್ಲಿ ಶ್ರುತಿ ಸೇರಿಸಿಕೊಡುವುದು ಗುರುಗಳ ಕೆಲಸ. ವರ್ಷಗಟ್ಟಲೆ ಕಲಿತೂ ತಂಬೂರಿಯ ಬಿರಟೆ ಮುಟ್ಟದವರಿದ್ದಾರೆ. ಅದರ ಹಿಂದೆ ಪ್ರೀತಿಯಿದೆ, ನಾದದ ಬಗ್ಗೆ ಭಕ್ತಿಯಿದೆ, ಅದನ್ನು ನಾನು ಹಗುರವಾಗಿ ಎಣಿಸುವುದಿಲ್ಲ. ಆದರೂ ಮುರಿಯುವ ಹಕ್ಕಿಲ್ಲದವಳಿಗೆ ವಾದ್ಯ ಎಂದೂ ತನ್ನದಾಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಮರುದಿನ ಮೊದಲ ಸ್ವರಜೋಡಿ. ಹೊಸಬರಿಗೆ ಇಲ್ಲಿ ಪವರ್ ಕಾರ್ಡ್ ಕಲಿಸುತ್ತಾರೆ: ಎರಡೇ ಬೆರಳು, ಎರಡೇ ಸ್ವರ. ಕೇಳಿದ ಕೂಡಲೇ ನಿಮ್ಮ ರೋಮ ನಿಮಿರುತ್ತದೆ, ಏಕೆಂದರೆ ಅದು ಸ ಮತ್ತು ಪ. ನಮ್ಮ ತಂಬೂರಿ ಹುಟ್ಟಿದಂದಿನಿಂದ ಮೀಟುತ್ತ ಬಂದ ಅದೇ ಷಡ್ಜ ಪಂಚಮ. ರಾಕ್ ಸಂಗೀತದ ಒರಟು ಡಿಸ್ಟಾರ್ಷನ್ನಿನಲ್ಲಿ ಗಾಂಧಾರ ಸೇರಿಸಿದರೆ ಕಲಸಿಹೋಗುತ್ತದೆ, ಸ-ಪ ಮಾತ್ರ ಗಟ್ಟಿಯಾಗಿ ನಿಲ್ಲುತ್ತದೆ. ಹುಡ್ಡಿನ ಹುಡುಗಿ ಬೆರಳ ತುದಿಯಲ್ಲಿ ತಂತಿಯ ಗೆರೆ ಮೂಡಿದ್ದನ್ನು ತಿಕ್ಕಿಕೊಳ್ಳುತ್ತ ಮತ್ತೆ ಒತ್ತುತ್ತಾಳೆ. ಬೇಸ್ ಅದರಡಿ ಸೇರಿಕೊಳ್ಳುತ್ತದೆ. ಬೇಸಿನ ಕಂಪನಕ್ಕೆ, ಯಾರೂ ಮುಟ್ಟದೆಯೂ, ಸ್ನೇರ್ ಡ್ರಮ್ಮಿನ ತಳದ ತಂತಿಗಳು ಒಗ್ಗರಣೆಯ ಸಾಸಿವೆಯ ಹಾಗೆ ಚಿಟಪಟಗುಟ್ಟುತ್ತವೆ. ಪುಟ್ಟಿ ಕಿರುಚಿ ನಗುತ್ತಾಳೆ. ‘ನಾನೇನೂ ಮಾಡಿಲ್ಲ!’

ಈ ಪುಟ್ಟಿಗೆ ಮನೆಯಲ್ಲಿ ಕೀಬೋರ್ಡು ತೆಗೆದುಕೋ ಎಂದಿದ್ದರಂತೆ. ಡ್ರಮ್ಮು ಅಣ್ಣನದಂತೆ. ಕೇಳಿದಾಗ ನಿಮಗೆ ಬೆಂಗಳೂರಿನ ಸುಕನ್ಯಾ ರಾಮಗೋಪಾಲ್ ನೆನಪಾಗುತ್ತಾರೆ. ಘಟಕ್ಕೆ ಗಂಡಸಿನ ಕೈ ಬೇಕೆಂಬ ಮಾತನ್ನು ಕೇಳಿಸಿಕೊಂಡೇ ಕಲಿತವರು. ಹೆಣ್ಣು ಘಟ ನುಡಿಸುವುದಾದರೆ ತಾವು ಪಕ್ಕದಲ್ಲಿ ಕೂರುವುದಿಲ್ಲ ಎಂದ ಕಲಾವಿದರನ್ನು ಕಂಡವರು. 1995ರಲ್ಲಿ ಅವರು ಹೆಂಗಸರೇ ನುಡಿಸುವ ‘ಸ್ತ್ರೀ ತಾಳ ತರಂಗ’ ಕಟ್ಟಿದರು. ನೀವು ಇದನ್ನು ಪುಟ್ಟಿಗೆ ಹೇಳುತ್ತೀರಿ, ಘಟವೆಂದರೆ ಮಣ್ಣಿನ ಮಡಕೆ ಎಂದೂ ಹೇಳುತ್ತೀರಿ. ‘ಬರೀ ಕೈಯಲ್ಲಾ?’ ಎಂದು ಕೇಳಿ ಅವಳು ಕೋಲು ಕೆಳಗಿಟ್ಟು ತನ್ನ ಅಂಗೈ ನೋಡಿಕೊಳ್ಳುತ್ತಾಳೆ. ಹೆಬ್ಬೆರಳ ಬುಡದಲ್ಲಿ ನೀರ್ಗುಳ್ಳೆ ಎದ್ದಿದೆ.

ಊಟದ ಹೊತ್ತಿಗೆ ಪರದೆಯ ಮೇಲೆ ಕಪ್ಪುಬಿಳುಪು ದೃಶ್ಯವೊಂದು. 1964ರ ಮೇ ತಿಂಗಳು, ಇಂಗ್ಲೆಂಡಿನ ಮ್ಯಾಂಚೆಸ್ಟರ್, ಬಳಕೆ ನಿಂತುಹೋದ ರೈಲು ನಿಲ್ದಾಣ. ಪ್ರೇಕ್ಷಕರು ಒಂದು ಪ್ಲಾಟ್‌ಫಾರ್ಮಿನಲ್ಲಿ, ವೇದಿಕೆ ಎದುರಿನ ಪ್ಲಾಟ್‌ಫಾರ್ಮಿನಲ್ಲಿ, ಸುತ್ತ ಮಳೆ ನೆನೆಸಿದ ನೆಲ. ಕುದುರೆಗಾಡಿಯಿಂದ ಇಳಿದು, ಉದ್ದ ಕೋಟು ತೊಟ್ಟ ಕಪ್ಪು ಹೆಂಗಸೊಬ್ಬಳು ಎಲೆಕ್ಟ್ರಿಕ್ ಗಿಟಾರು ಕೊರಳಿಗೆ ಹಾಕಿಕೊಳ್ಳುತ್ತಾಳೆ. ಸಿಸ್ಟರ್ ರೊಸೆಟಾ ಥಾರ್ಪ್. 1915ರಲ್ಲಿ ಹುಟ್ಟಿ, ಚರ್ಚಿನ ಹಾಡಿಗೆ ಗಿಟಾರಿನ ಕಿಡಿ ಹಚ್ಚಿದವಳು. ರಾಕ್ ಸಂಗೀತದ ಗಂಡು ದೊರೆಗಳು ಕಲಿತದ್ದು ಇವಳನ್ನು ಕೇಳಿ. 1973ರಲ್ಲಿ ತೀರಿಹೋದಳು, ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಅವಳಿಗೆ ಬಾಗಿಲು ತೆರೆದದ್ದು 2018ರಲ್ಲಿ. ಪರದೆಯ ಮೇಲೆ ಅವಳ ಬೆರಳು ಓಡುತ್ತಿದೆ. ಬಾಯಿಗೆ ಹೋಗುತ್ತಿದ್ದ ಸ್ಯಾಂಡ್‌ವಿಚ್ಚುಗಳು ಅರ್ಧ ದಾರಿಯಲ್ಲೇ ನಿಂತಿವೆ.

ಬುಧವಾರ ಹಾಡಿಗೆ ವಸ್ತು ಬೇಕು. ನಾಯಿ, ಪಿಜ್ಜಾ, ಬಾಹ್ಯಾಕಾಶ ಎಲ್ಲ ಬಂದುಹೋಗುತ್ತವೆ. ಆಗ, ಎರಡು ದಿನ ಬಾಯಿ ಬಿಡದ ಹಾಡುಗಾರ್ತಿ ಕಾಗದವೊಂದನ್ನು ಸರಿಸುತ್ತಾಳೆ. ಲಾಕ್‌ಡೌನ್ ಡ್ರಿಲ್ ಬಗ್ಗೆ. 1999ರಲ್ಲಿ ಕೊಲಂಬೈನ್ ಶಾಲೆಯಲ್ಲಿ ಗುಂಡಿನ ಮಳೆಯಾದ ಮೇಲೆ ಈ ದೇಶದಲ್ಲಿ ಹಬ್ಬಿದ ಅಭ್ಯಾಸ ಅದು; ಇಲ್ಲಿಯೇ, ಪೋರ್ಟ್‌ಲ್ಯಾಂಡಿನ ಪೂರ್ವದ ಅಂಚಿನ ಟ್ರೌಟ್‌ಡೇಲ್‌ನ ಹೈಸ್ಕೂಲಿನಲ್ಲೂ 2014ರ ಜೂನ್‌ನಲ್ಲಿ ಗುಂಡಿನ ದಾಳಿಗೆ ಒಬ್ಬ ವಿದ್ಯಾರ್ಥಿ ಬಲಿಯಾಗಿದ್ದಾನೆ. ಬಾಗಿಲಿಗೆ ಬೀಗ, ದೀಪ ಆರಿಸಿ, ಗೋಡೆಗೆ ಒರಗಿ ಕೂತು, ಸದ್ದಿಲ್ಲದೆ ಇರುವುದನ್ನು ಮಕ್ಕಳು ವರ್ಷವೂ ಅಭ್ಯಾಸ ಮಾಡುತ್ತಾರೆ. ಅವಳ ಕಾಗದದಲ್ಲಿ ಪಕ್ಕದವಳ ಶೂಲೇಸಿದೆ, ತನ್ನ ಉಸಿರಿನ ಸದ್ದಿಗೆ ತಾನೇ ಹೆದರಿದ್ದಿದೆ, ನಗು ಬಂದದ್ದೂ ಇದೆ. ಉಳಿದ ನಾಲ್ವರು ಓದುತ್ತಾರೆ. ‘ನಮ್ಮ ಶಾಲೆಯಲ್ಲೂ’ ಎನ್ನುತ್ತಾಳೆ ಬೇಸಿನವಳು. ಅದು ಅವಳ ಮೊದಲ ಮಾತು.

ನಿಮ್ಮ ಬಾಯಿ ಒಣಗುತ್ತದೆ. ಶನಿವಾರ ತಂದೆತಾಯಿ, ಅಜ್ಜಿ, ತೊಟ್ಟಿಲ ಕೂಸು ಎಲ್ಲ ಬರುತ್ತಾರೆ. ಇದು ಬೇಕೇ? ‘ನಾಯಿಯ ಹಾಡೂ ಚೆನ್ನಾಗಿತ್ತು’ ಎಂದು ನೀವೊಂದು ಮಾತು ಎಸೆದರೆ ಸಾಕು, ಹುಡುಗಿಯರು ಹಾಗೇ ಹೊರಳುತ್ತಾರೆ. ದೊಡ್ಡವರ ಮುಖ ನೋಡಿ ಹೊರಳುವುದನ್ನು ಅವರಿಗೆ ಯಾರೂ ಕಲಿಸಬೇಕಿಲ್ಲ. ಆ ಮಾತು ನಾಲಗೆಯ ತುದಿಯಲ್ಲಿದೆ. ನೀವು ಪಡಸಾಲೆಗೆ ಬಂದು ಹಿರಿಯ ಸ್ವಯಂಸೇವಕಿಯನ್ನು ಹುಡುಕುತ್ತೀರಿ. ಕೊರಳಿನ ತುಂಬ ಕೇಬಲ್ ಸುತ್ತಿಕೊಂಡ ಆಕೆ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕುತ್ತಾರೆ: ‘ಹೆದರಿರೋದು ಅವರಾ, ನೀವಾ?’ ಆಮೇಲೆ ಆಕೆಯೇ ಬಂದು ಹುಡುಗಿಯರ ಪಕ್ಕ ನೆಲದ ಮೇಲೆ ಕೂತು, ಒಬ್ಬೊಬ್ಬರನ್ನೂ ಮೆಲ್ಲಗೆ ವಿಚಾರಿಸುತ್ತಾರೆ. ಹೆದರಿದವರು ಅವರಲ್ಲ.

ಹಾಡು ಹೀಗೆ ಕಟ್ಟಿಕೊಳ್ಳುತ್ತದೆ: ಮೊದಲು ಬೇಸಿನ ಒಂದೇ ಸ್ವರ, ಅದರ ಮೇಲೆ ಪಿಸುದನಿ. ಆಮೇಲೆ ಎಲ್ಲವೂ ನಿಂತು ನಾಲ್ಕು ಎಣಿಕೆಯ ಮೌನ. ಆಮೇಲೆ ಸ್ನೇರಿನ ಒಂದು ಏಟು, ಐವರೂ ಒಟ್ಟಿಗೆ, ಎಷ್ಟು ಜೋರಾಗಿ ಸಾಧ್ಯವೋ ಅಷ್ಟು ಜೋರಾಗಿ. ಮೌನದ ಯೋಚನೆ ಹಸಿರು ಉಗುರಿನವಳದು. ಏಟು ಪುಟ್ಟಿಯದು. ಗುರುವಾರ ಎಲ್ಲರೂ ಎಲ್ಲರ ಮೇಲೂ ಮುನಿಸಿಕೊಳ್ಳುತ್ತಾರೆ, ಒಬ್ಬಳು ಶೌಚಾಲಯದಲ್ಲಿ ಕೂತು ಅಳುತ್ತಾಳೆ, ಮರಳುತ್ತಾಳೆ. ಶುಕ್ರವಾರ ಸಂಜೆಯವರೆಗೂ ಹಾಡು ಒಮ್ಮೆಯಾದರೂ ಕೊನೆ ಮುಟ್ಟಿಲ್ಲ. ಪುಟ್ಟಿ ಪ್ರತಿಸಲವೂ ಬೇಗ ಹೊಡೆಯುತ್ತಾಳೆ, ಎರಡಕ್ಕೇ, ಮೂರಕ್ಕೇ. ಮೌನ ಅವಳಿಗೆ ತಡೆಯಲಾಗುವುದಿಲ್ಲ. ನೀವು ಎಣಿಸಿ ತೋರಿಸಲು ಎತ್ತಿದ ಕೈಯನ್ನು ಇಳಿಸುತ್ತೀರಿ. ‘ನಾನೇ ಎಣಿಸ್ತೀನಿ’ ಎಂದು ಅವಳು ಹೇಳಿಯಾಗಿದೆ.

ಶನಿವಾರ.

ಪರದೆಯ ಹಿಂದೆ ಕತ್ತಲು, ಹಳೆಯ ಬಟ್ಟೆಯ ಧೂಳಿನ ವಾಸನೆ, ನೆಲಕ್ಕೆ ಅಂಟಿಸಿದ ಟೇಪು ಚಪ್ಪಲಿಗೆ ಹತ್ತುತ್ತದೆ. ಹುಡ್ಡಿನವಳು ಹುಡ್ ಇಳಿಸಿದ್ದಾಳೆ, ಕೂದಲಿಗೆ ನೀಲಿ ಬಣ್ಣ. ಯಾರದೋ ತಣ್ಣನೆಯ, ಬೆವೆತ ಕೈ ನಿಮ್ಮ ಕೈಯೊಳಗೆ ಬಂದು ಸೇರುತ್ತದೆ. ಯಾರದೆಂದು ನೋಡುವಷ್ಟರಲ್ಲಿ ಹೆಸರು ಕರೆಯುತ್ತಾರೆ, ಕೈ ಜಾರಿಹೋಗುತ್ತದೆ. ಅವರು ಬೆಳಕಿಗೆ ನಡೆಯುತ್ತಾರೆ. ನೀವು ಇಲ್ಲೇ ಉಳಿಯುತ್ತೀರಿ. ಇನ್ನು ನಿಮ್ಮ ಕೈಯಲ್ಲಿ ಏನೂ ಇಲ್ಲ.

ಬೇಸು ಶುರುವಾಗುತ್ತದೆ. ಪಿಸುದನಿ ಬರುತ್ತದೆ, ಮೈಕಿಗೆ ತುಟಿ ತಾಗುವಷ್ಟು ಹತ್ತಿರದಿಂದ. ಸಭಾಂಗಣದ ಗುಜುಗುಜು ತಗ್ಗುತ್ತದೆ. ದೀಪ ಆರಿಸುವ ಸಾಲು ಬಂದಾಗ ಮುಂದಿನ ಸಾಲಿನ ತಾಯಿಯೊಬ್ಬಳು ಬಾಯಿಗೆ ಕೈ ಇಟ್ಟುಕೊಳ್ಳುವುದು ನಿಮಗೆ ಕಾಣಿಸುತ್ತದೆ. ಶೂಲೇಸು. ಉಸಿರು. ನಗು. ಎಲ್ಲವೂ ನಿಲ್ಲುತ್ತದೆ.

ಒಂದು. ಎರಡು. ಮೂರು. ನಾಲ್ಕು.

ಏಟಿಲ್ಲ.

ಐದು. ಆರು. ಪುಟ್ಟಿಯ ಕೋಲು ಗಾಳಿಯಲ್ಲಿದೆ, ಅಲ್ಲಾಡುತ್ತಿಲ್ಲ. ಮರೆತಳು! ನಿಮ್ಮ ಕಿವಿಯಲ್ಲಿ ನಿಮ್ಮದೇ ರಕ್ತ ಬಡಿಯುತ್ತಿದೆ. ಕೈಬೀಸಿದರೆ ಅವಳಿಗೆ ಕಾಣುತ್ತದೆ, ನೀವಿರುವುದು ಅವಳ ಕಣ್ಣಳತೆಯಲ್ಲೇ. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮುತ್ತಾರೆ. ಇನ್ಯಾರೋ, ಮಕ್ಕಳಿಗೆ ಧೈರ್ಯ ತುಂಬಲೆಂದು, ಚಪ್ಪಾಳೆ ಶುರುಮಾಡಿ ಜೊತೆ ಸಿಗದೆ ನಿಲ್ಲಿಸುತ್ತಾರೆ. ಗಿಟಾರಿನವಳು ತಿರುಗಿ ನೋಡುವುದಿಲ್ಲ. ಹಾಡುಗಾರ್ತಿ ತಿರುಗಿ ನೋಡುವುದಿಲ್ಲ. ನಿಮ್ಮ ಬಲಗೈ ಮೇಲೇಳುತ್ತಿದೆ, ಎಡಗೈಯಿಂದ ಅದರ ಮಣಿಕಟ್ಟು ಹಿಡಿಯುತ್ತೀರಿ. ಹಿಡಿದು ನಿಲ್ಲುತ್ತೀರಿ. ನಿಂತೇ ಇದ್ದೀರಿ. ಇಡೀ ಸಭಾಂಗಣ ಈಗ ಉಸಿರಾಡುತ್ತಿಲ್ಲ.

ಢಣ್!

ಏಟಿನ ಹಿಂದೆಯೇ ಸ-ಪ ಕುಸಿದುಬೀಳುತ್ತದೆ, ಬೇಸು ನೆಲದಿಂದ ಮೊಣಕಾಲಿಗೆ ಏರುತ್ತದೆ, ಪಿಸುಗುಟ್ಟಿದ ಅದೇ ಗಂಟಲು ಹರಿದುಹೋಗುವಂತೆ ಕೂಗುತ್ತದೆ. ನಿಮ್ಮ ಕಣ್ಣು ತುಂಬಿಬಂದಿದೆ, ಒರೆಸಿಕೊಳ್ಳಬೇಡಿ, ಕತ್ತಲಿದೆ. ಕೀಬೋರ್ಡು ಒಂದು ಕಡೆ ತಪ್ಪುತ್ತದೆ, ಗಿಟಾರು ಮುಂದೋಡುತ್ತದೆ, ಯಾರೂ ನಿಲ್ಲುವುದಿಲ್ಲ. ಮುಂದಿನ ಸಾಲಿನ ಆ ತಾಯಿ ಎದ್ದು ನಿಂತಿದ್ದಾಳೆ. ಎಲ್ಲರೂ ಎದ್ದು ನಿಂತಿದ್ದಾರೆ.

ಪರದೆಯ ಹಿಂದೆ ಐವರೂ ಒಮ್ಮೆಲೇ ನಿಮ್ಮ ಮೇಲೆ ಬಂದು ಬೀಳುತ್ತಾರೆ, ಬೆವರು, ಕೂದಲ ಬಣ್ಣ, ಚೀರಾಟ. ನೀವು ಪುಟ್ಟಿಯನ್ನು ಕೇಳಿಯೇಬಿಡುತ್ತೀರಿ: ಎಣಿಕೆ ತಪ್ಪಿತಾ? ಅವಳು ನಿಮ್ಮತ್ತ ಕನಿಕರದಿಂದ ನೋಡುತ್ತಾಳೆ.

‘ನಾಲ್ಕು ಸಾಲಲಿಲ್ಲ. ಅವರಿಗೆಲ್ಲ ನಿಜವಾಗಲೂ ಭಯ ಆಗೋ ತನಕ ಕಾದೆ.’

ಹೊಟ್ಟೆಯಲ್ಲಿ ಕದಲಿದ ಆ ಬೆಚ್ಚಗಿನದು ಏನೆಂದು ಈಗ ಹೇಳುತ್ತೇನೆ. ನಾವು ಮಾಡಿದ್ದಕ್ಕೆ ಸಿಗುವ ಖುಷಿಯನ್ನು ನಾವೆಲ್ಲ ಬಲ್ಲೆವು. ಬಡಿಸಿದ ಊಟಕ್ಕೆ, ಕಲಿಸಿದ ಪಾಠಕ್ಕೆ, ಕೊಟ್ಟ ದೇಣಿಗೆಗೆ. ಇದು ಮಾಡದೆ ಬಿಟ್ಟದ್ದಕ್ಕೆ ಸಿಕ್ಕ ಖುಷಿ. ನೀವು ಕೈ ಬೀಸಿದ್ದರೆ ಆ ಮೌನ ಅಲ್ಲಿಗೇ ಮುಗಿಯುತ್ತಿತ್ತು, ಹಾಡು ಸರಿಯಾಗಿರುತ್ತಿತ್ತು, ಒಂಬತ್ತು ವರ್ಷದವಳೊಬ್ಬಳು ಸಭಾಂಗಣವೊಂದನ್ನು ತನ್ನ ಕೋಲಿನ ತುದಿಯಲ್ಲಿ ಹಿಡಿದು ನಿಲ್ಲಿಸಬಲ್ಲಳೆಂದು ಅವಳಿಗೂ ತಿಳಿಯುತ್ತಿರಲಿಲ್ಲ, ನಿಮಗೂ ತಿಳಿಯುತ್ತಿರಲಿಲ್ಲ. ಸ್ವಯಂಸೇವೆಯಲ್ಲಿ ಇದಕ್ಕಿಂತ ದೊಡ್ಡ ಸುಖವನ್ನು ನಾನು ಕಂಡಿಲ್ಲ.

ಈಗ ಆಂಪ್ಲಿಫೈಯರು ಹೊರಬೇಕು, ಕೇಬಲ್ ಸುತ್ತಬೇಕು, ಇಯರ್‌ಪ್ಲಗ್ ಗುಡಿಸಬೇಕು. ಸೊಂಟ ಹಿಡಿದುಕೊಂಡಿದೆ, ಕೆಲಸ ಬೇಗ ಮುಗಿಯುತ್ತದೆ.

ನೀವು ಹೊರದೇಶದಲ್ಲಿದ್ದು ನಿಮ್ಮ ಊರಿನ ಸುತ್ತಮುತ್ತ ಇಂಥ ಶಿಬಿರವಿದ್ದರೆ ಅರ್ಜಿ ಹಾಕಿ. ಮಕ್ಕಳ ನಡುವಿನ ಕೆಲಸವಾದ್ದರಿಂದ ನಿಮ್ಮ ಹಿನ್ನೆಲೆ ವಿಚಾರಿಸುತ್ತಾರೆ, ಬೇಸರಿಸದೆ ಒಪ್ಪಿಕೊಳ್ಳಿ. ವಾದ್ಯ ಬರಲೇಬೇಕೆಂದಿಲ್ಲ. ಊಟ ಹಂಚಲು, ಬಾಗಿಲು ಕಾಯಲು, ಅಳುವವಳ ಪಕ್ಕ ಸುಮ್ಮನೆ ಕೂರಲು ಜನ ಬೇಕು. ಕರ್ನಾಟಕದಲ್ಲಿದ್ದರೆ ಏಪ್ರಿಲ್ ಬರುತ್ತಿದ್ದಂತೆ ಊರೂರಿನಲ್ಲಿ ಬೇಸಿಗೆ ಶಿಬಿರಗಳು ತೆರೆಯುತ್ತವೆ. ನಿಮಗೆ ಗೊತ್ತಿರುವ ಶಿಬಿರಕ್ಕೆ ಹೋಗಿ ಮೃದಂಗದ ಮುಂದೆ, ಡೊಳ್ಳಿನ ಮುಂದೆ, ಡ್ರಮ್ಮಿನ ಮುಂದೆ ಹುಡುಗಿಯರು ಕೂತಿದ್ದಾರೆಯೇ ನೋಡಿ. ಇಲ್ಲದಿದ್ದರೆ ನಿಮ್ಮ ಬೀದಿಯಿಂದ ಒಬ್ಬಳನ್ನು ಕರೆದುಕೊಂಡು ಹೋಗಿ ಕೂರಿಸಿ, ಪಾಠ ಮುಗಿಯುವವರೆಗೆ ಹೊರಗಿನ ಬೆಂಚಿನಲ್ಲಿ ಕಾಯಿರಿ.